ಶೃಂಗಾರದ ಕೈಗೆಲಸ: ಸೈರಂಧ್ರಿಯಿಂದ ಸಹಾಯಕಿಯವರೆಗೆ

ಇತಿಹಾಸವೆಂದೊಡನೆ ನಮಗೆ ನೆನಪಾಗುವುದು ಪಟ್ಟಾಭಿಷೇಕಗಳು, ಯುದ್ಧಗಳು, ಶಾಸನಗಳು. ಪಟ್ಟಾಭಿಷೇಕದ ದಿನ ಅರಸನ ತಲೆಗೆ ಎಣ್ಣೆಯೊತ್ತಿದವರು ಯಾರು, ರಾಣಿಯ ಜಡೆ ಹೆಣೆದವರು ಯಾರು, ಅವರಿಗೆ ಆ ಕೆಲಸ ಕಲಿಸಿದವರು ಯಾರು ಎಂದು ನಾವು ಕೇಳುವುದು ಅಪರೂಪ. ಕಲ್ಯಾಣ, ಡೊಂಬಿವಲಿ, ಟಿಟ್ವಾಳಾ ಕಡೆಯ ನಮ್ಮ ಕುಟುಂಬಗಳಲ್ಲಿ ಮಗಳೊಬ್ಬಳು "ಬ್ಯೂಟಿ ಪಾರ್ಲರಿನ ಕೆಲಸ ಕಲಿಯುತ್ತೇನೆ" ಎಂದರೆ ತಂದೆತಾಯಿಗಳು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುವುದುಂಟು. ಟೈಪಿಂಗ್ ಎಂದಿದ್ದರೆ, ಹೊಲಿಗೆ ಎಂದಿದ್ದರೆ ಆ ಸಂಕೋಚವಿರುತ್ತಿರಲಿಲ್ಲ. ಈ ಸಂಕೋಚದ ಬೇರು ಎಲ್ಲಿದೆ ಎಂಬುದನ್ನು ಇತಿಹಾಸದಲ್ಲಿ ಹುಡುಕುವುದೇ ಪ್ರಸ್ತುತ ಲೇಖನದ ಉದ್ದೇಶ.

ಟಿಟ್ವಾಳಾದಿಂದಲೇ ಪ್ರಾರಂಭಿಸೋಣ. ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿನಿಂದ ಸುಮಾರು 64 ಕಿಲೋಮೀಟರು ದೂರದಲ್ಲಿ, ಕಲ್ಯಾಣದಿಂದ ಕಸಾರಾ ಮಾರ್ಗದಲ್ಲಿ ಶಹಾಡ, ಅಂಬಿವಲಿ ದಾಟಿದರೆ ಸಿಗುವ ಈ ಊರು ಇಂದು ಕಲ್ಯಾಣ–ಡೊಂಬಿವಲಿ ಮಹಾನಗರಪಾಲಿಕೆಯ ವ್ಯಾಪ್ತಿಯಲ್ಲಿದೆ. ಕಾಳು ನದಿಯ ಬಳಿಯ ಈ ಕ್ಷೇತ್ರ ಕಣ್ವ ಮಹರ್ಷಿಗಳ ಆಶ್ರಮವಾಗಿತ್ತೆಂದೂ, ಇಲ್ಲಿಯ ಮಹಾಗಣಪತಿಯನ್ನು ಶಕುಂತಲೆಯೇ ಸ್ಥಾಪಿಸಿ ಪೂಜಿಸಿದಳೆಂದೂ ಸ್ಥಳಪುರಾಣ ಹೇಳುತ್ತದೆ. ವಿವಾಹ ವಿನಾಯಕನೆಂದು ಪ್ರಸಿದ್ಧನಾದ ಈತನ ದರ್ಶನಕ್ಕೆ ಅಂಗಾರಕಿ ಚತುರ್ಥಿಯಂದು ಸೇರುವ ಜನಸಂದಣಿ ನಮ್ಮ ಓದುಗರಿಗೆ ತಿಳಿದದ್ದೇ. ಕಾಳಿದಾಸನ ನಾಟಕದ ಮಾಲಿನೀ ನದಿ ಹಿಮಾಲಯದ ತಪ್ಪಲಿನದು. ಆದ್ದರಿಂದ ಈ ಕಥೆಯನ್ನು ನಾವು ಊರಿನ ನಂಬಿಕೆಯಾಗಿ ಗೌರವಿಸುತ್ತೇವೆಯೇ ಹೊರತು ಚರಿತ್ರೆಯೆಂದು ಸಾಧಿಸಹೊರಡುವುದಿಲ್ಲ.

ಆದರೆ ಆ ನಾಟಕದ ನಾಲ್ಕನೆಯ ಅಂಕದ ಒಂದು ಸಂದರ್ಭ ನಮ್ಮ ವಿಷಯಕ್ಕೆ ಬಹಳ ಹತ್ತಿರವಾದುದು. ಶಕುಂತಲೆ ಗಂಡನ ಮನೆಗೆ ಹೊರಟಿದ್ದಾಳೆ. ಮರಗಳೇ ಆಕೆಗೆ ರೇಷ್ಮೆಯ ವಸ್ತ್ರವನ್ನೂ, ಪಾದಕ್ಕೆ ಹಚ್ಚುವ ಅರಗಿನ ರಸವನ್ನೂ ನೀಡುತ್ತವೆ. ವನದೇವತೆಗಳು ಆಭರಣಗಳನ್ನು ಕೊಡುತ್ತಾರೆ. ಸಿಂಗರಿಸಬೇಕಾದ ಅನಸೂಯೆ ಪ್ರಿಯಂವದೆಯರೋ ತಪೋವನದಲ್ಲಿ ಬೆಳೆದವರು, ಒಡವೆ ತೊಟ್ಟು ತಿಳಿಯದವರು. ಚಿತ್ರಗಳಲ್ಲಿ ಕಂಡ ಅನುಭವದಿಂದಲೇ ಯಾವುದನ್ನು ಎಲ್ಲಿ ತೊಡಿಸಬೇಕೋ ತೊಡಿಸುತ್ತೇವೆ ಎಂದು ಅವರು ಮುಂದಾಗುತ್ತಾರೆ. ನೋಡಿ ಕಲಿಯುವುದು, ಕಲಿತದ್ದನ್ನು ಗೆಳತಿಯ ಮೇಲೆಯೇ ಮೊದಲು ಮಾಡುವುದು: ಈ ವಿದ್ಯೆಯ ಮೊದಲ ಪಾಠ ಇಂದಿಗೂ ಹೀಗೆಯೇ ನಡೆಯುತ್ತದೆ. ಈ ನಾಟಕವನ್ನು ಬಸವಪ್ಪಶಾಸ್ತ್ರಿಗಳು ಕನ್ನಡಕ್ಕೆ ತಂದು 'ಅಭಿನವ ಕಾಳಿದಾಸ'ರೆನಿಸಿದ್ದು ನಮ್ಮ ಹೆಮ್ಮೆ.

ಅನಸೂಯೆ ಪ್ರಿಯಂವದೆಯರದು ಸ್ನೇಹದ ಸೇವೆ. ಕೂಲಿಯ ಮಾತು ಅಲ್ಲಿಲ್ಲ. ಹೊಟ್ಟೆಪಾಡಿಗಾಗಿ ಈ ಕೆಲಸ ಹಿಡಿದವಳನ್ನು ಮಹಾಭಾರತದ ವಿರಾಟಪರ್ವದಲ್ಲಿ ಕಾಣುತ್ತೇವೆ. ದ್ರೌಪದಿ ಸೈರಂಧ್ರಿಯಾಗಿ ಸುದೇಷ್ಣೆಯ ಅಂತಃಪುರ ಸೇರುವಾಗ ತನಗೆ ತಿಳಿದ ಕೆಲಸಗಳನ್ನು ಹೇಳಿಕೊಳ್ಳುತ್ತಾಳೆ: ಕೇಶಾಲಂಕಾರ, ಲೇಪನಗಳನ್ನು ತೇಯುವುದು, ಹೂಮಾಲೆ ಕಟ್ಟುವುದು. ಜೊತೆಗೆ ಎಂಜಲು ಮುಟ್ಟುವುದಿಲ್ಲ, ಕಾಲು ತೊಳೆಯುವುದಿಲ್ಲ ಎಂಬ ಕರಾರನ್ನೂ ಮುಂದಿಡುತ್ತಾಳೆ. ಕೆಲಸದವಳು ತನ್ನ ಮಾನದ ಗೆರೆಯನ್ನು ತಾನೇ ಎಳೆದುಕೊಂಡದ್ದಕ್ಕೆ ಇದಕ್ಕಿಂತ ಹಳೆಯ ನಿದರ್ಶನ ನಮಗೆ ನೆನಪಿಗೆ ಬಾರದು. ಅಷ್ಟು ಎಚ್ಚರವಿದ್ದರೂ ಕೀಚಕನ ಉಪಟಳ ತಪ್ಪಲಿಲ್ಲವೆಂಬುದು ಆ ಕಥೆಯ ಇನ್ನೊಂದು ಪಾಠ.

ಪುರಾಣದಿಂದ ಚರಿತ್ರೆಗೆ ಬಂದರೆ, ಟಿಟ್ವಾಳಾದ ನೆರೆಯ ಕಲ್ಯಾಣ ಕನ್ನಡಿಗರಿಗೆ ಇನ್ನೊಂದು ಕಲ್ಯಾಣವನ್ನು ನೆನಪಿಗೆ ತರುತ್ತದೆ. ಇಂದಿನ ಬಸವಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದ ಪೂರ್ವಾರ್ಧದಲ್ಲಿ ಸಂಸ್ಕೃತದಲ್ಲಿ 'ಮಾನಸೋಲ್ಲಾಸ'ವೆಂಬ ಮಹಾಗ್ರಂಥವನ್ನು ರಚಿಸಿದ. ಅಭ್ಯಂಗ, ಸ್ನಾನ, ವಿಲೇಪನ, ಮಾಲೆ, ಆಭರಣ ಇವೆಲ್ಲ ಅದರಲ್ಲಿ ರಾಜಭೋಗಗಳಾಗಿ ವರ್ಣಿತವಾಗಿವೆ. ಭೋಗಿಸುವವನ ಹೆಸರು ಗ್ರಂಥದಲ್ಲಿ ಉಳಿಯಿತು. ಎಣ್ಣೆ ತಿಕ್ಕಿದ ಕೈಗಳ ಹೆಸರು ಉಳಿಯಲಿಲ್ಲ.

ಅದೇ ಕಲ್ಯಾಣದಲ್ಲಿ ಅದೇ ಶತಮಾನದಲ್ಲಿ ಇದಕ್ಕೆ ಉತ್ತರವೂ ಹುಟ್ಟಿತು. ಬಸವಣ್ಣನವರ ಬಳಿ ತಾಂಬೂಲದ ಚೀಲ ಹಿಡಿದ ಹಡಪದ ಅಪ್ಪಣ್ಣ ಶರಣನೆನಿಸಿದ, ವಚನಕಾರನಾದ. ಆತನ ಪತ್ನಿ ಲಿಂಗಮ್ಮನೂ ವಚನಗಳನ್ನು ರಚಿಸಿದಳು. ಕರ್ನಾಟಕದ ಹಡಪದ ಸಮಾಜದ ಕ್ಷೌರವೃತ್ತಿಯವರು ಇಂದಿಗೂ ಅಪ್ಪಣ್ಣನನ್ನು ತಮ್ಮ ಕುಲಗುರುವೆಂದು ಪೂಜಿಸುತ್ತಾರೆ. ಕಾಯಕಕ್ಕೆ ಮೇಲು ಕೀಳಿಲ್ಲವೆಂಬ ಮಾತು ಅಲ್ಲಿ ಬದುಕಾಗಿ ನಡೆದು ತೋರಿತು.

ಆ ಬಳಿಕದ ಶತಮಾನಗಳು ಆ ಮಾತನ್ನು ಮರೆತವು. ಕ್ಷೌರ ಕೆಲವು ಕುಲಗಳಿಗೆ ಅಂಟಿದ ಸೇವೆಯಾಯಿತು. ತಂದೆಯ ಪಕ್ಕದಲ್ಲಿ ನೀರಿನ ಬಟ್ಟಲು ಹಿಡಿದು ನಿಂತು, ಕತ್ತಿ ಮಸೆಯುವುದನ್ನು ಕಲಿತು, ವರ್ಷಗಳ ಮೇಲೆ ಮಗ ಕತ್ತಿ ಹಿಡಿಯುತ್ತಿದ್ದ. ಸುಗ್ಗಿಯಲ್ಲಿ ಸಿಗುವ ಕಾಳು ಆತನ ಸಂಬಳ. ವಿದ್ಯೆಯೇನೋ ಪಕ್ಕಾ ಆಗಿತ್ತು. ಆದರೆ ಒಳಗಿದ್ದವನಿಗೆ ಹೊರಬರುವ ದಾರಿಯಿರಲಿಲ್ಲ, ಹೊರಗಿದ್ದವರಿಗೆ ಕಲಿಯುವ ಮನಸ್ಸಿರಲಿಲ್ಲ. ಮದುವೆಗೆ ಮುಹೂರ್ತದಿಂದ ಹಿಡಿದು ಅಪರಕ್ರಿಯೆಯವರೆಗೆ ಆತನಿಲ್ಲದೆ ನಡೆಯದಿದ್ದರೂ, ಆತನ ಕುಲದ ಹೆಸರನ್ನೇ ಬೈಗುಳವಾಗಿ ಬಳಸಿದ ಸಮಾಜ ನಮ್ಮದು. ಇಂದಿನ ತಂದೆತಾಯಿಗಳ ಸಂಕೋಚದ ಬೇರು ಇಲ್ಲಿದೆಯೆಂದು ನಾವು ಭಾವಿಸುತ್ತೇವೆ.

ಆ ಕುಲದವರು ಸಮಾಜಕ್ಕೆ ಕಲಿಸಿದ ಒಂದು ದೊಡ್ಡ ಪಾಠ ನಮ್ಮ ಠಾಣೆ ಜಿಲ್ಲೆಯೊಂದಿಗೆ ಸಂಬಂಧವುಳ್ಳದ್ದು. 1848ರಲ್ಲಿ ಠಾಣೆಯಲ್ಲಿ ಜನಿಸಿದ ನಾರಾಯಣ ಮೇಘಾಜಿ ಲೋಖಂಡೆಯವರು ಜ್ಯೋತಿಬಾ ಫುಲೆಯವರ ಅನುಯಾಯಿಗಳು. 1884ರಲ್ಲಿ ಮುಂಬಯಿಯ ಗಿರಣಿ ಕಾರ್ಮಿಕರ ಸಂಘ ಕಟ್ಟಿದವರು. ಗಂಡ ಸತ್ತ ಹೆಣ್ಣುಮಕ್ಕಳ ತಲೆ ಬೋಳಿಸುವ ಕೆಲಸವನ್ನು ನಾವು ಮಾಡುವುದಿಲ್ಲವೆಂದು ಮುಂಬಯಿಯ ಕ್ಷೌರಿಕರು 1890ರಲ್ಲಿ ಮುಷ್ಕರ ಹೂಡಿದಾಗ ಅವರನ್ನು ಸಂಘಟಿಸಿದವರು ಲೋಖಂಡೆಯವರೇ. ಆ ಪದ್ಧತಿಯ ಕ್ರೌರ್ಯವೆಷ್ಟೆಂಬುದನ್ನು ಎಂ. ಕೆ. ಇಂದಿರಾ ಅವರ 'ಫಣಿಯಮ್ಮ' ಕಾದಂಬರಿಯನ್ನು ಓದಿದವರಿಗೆ, 1983ರಲ್ಲಿ ಪ್ರೇಮಾ ಕಾರಂತರು ಅದನ್ನಾಧರಿಸಿ ತೆಗೆದ ಚಿತ್ರವನ್ನು ನೋಡಿದವರಿಗೆ ವಿವರಿಸಬೇಕಾಗಿಲ್ಲ. ಶಾಸ್ತ್ರ ಬಲ್ಲವರು ಸುಮ್ಮನಿದ್ದಾಗ ಕತ್ತಿ ಹಿಡಿದವರು ಕತ್ತಿ ಕೆಳಗಿಟ್ಟರು. ಕೈಗೆಲಸಕ್ಕೂ ಒಂದು ಧರ್ಮವಿದೆಯೆಂದು ಅವರು ತೋರಿಸಿದರು.

ಹೆಂಗಸರ ಶೃಂಗಾರವಾದರೋ ಬಹುಕಾಲ ಮನೆಯೊಳಗಿನ ವಿದ್ಯೆಯಾಗಿಯೇ ಉಳಿಯಿತು. ಮೊಗ್ಗಿನ ಜಡೆ ಹಾಕುವ ಅಜ್ಜಿಯ ಪಕ್ಕ ಕುಳಿತು ಒಂದೇ ಅಳತೆಯ ಮೊಗ್ಗುಗಳನ್ನು ಆರಿಸಿ ಕೊಡುತ್ತಿದ್ದ ಮೊಮ್ಮಗಳೇ ಅಂದಿನ ಸಹಾಯಕಿ. ಮಾಟುಂಗಾದ ಹೂವಿನಂಗಡಿಗಳಿಂದ ಮೊಗ್ಗು ತಂದು ಈ ವಿದ್ಯೆಯನ್ನು ಮುಂಬಯಿಯಲ್ಲೂ ಉಳಿಸಿದ ತಾಯಂದಿರು ನಮ್ಮಲ್ಲಿದ್ದಾರೆ. 1952ರಲ್ಲಿ ಟಾಟಾ ಸಂಸ್ಥೆ ಲ್ಯಾಕ್ಮೆ ಪ್ರಸಾಧನಗಳನ್ನು ತಯಾರಿಸತೊಡಗಿತು. ಕ್ರಮೇಣ ಬ್ಯೂಟಿ ಪಾರ್ಲರುಗಳು ದೊಡ್ಡ ನಗರಗಳಿಂದ ಉಪನಗರಗಳ ಓಣಿಗಳಿಗೂ ಬಂದವು. ಮನೆಯ ವಿದ್ಯೆ ಪೇಟೆಯ ಉದ್ಯೋಗವಾಯಿತು.

ಇದನ್ನು ಯಾರು ಬೇಕಾದರೂ ಕಲಿಯುವಂತೆ ಬಾಗಿಲು ತೆರೆದದ್ದು ಮುಂಬಯಿಯ ಶ್ರಮಿಕ ಚಳವಳಿಯ ಪರಂಪರೆಯೇ ಎನ್ನಬಹುದು. 1967ರಲ್ಲಿ ವರಳಿಯಲ್ಲಿ ದೇಶದ ಮೊಟ್ಟಮೊದಲ ಶ್ರಮಿಕ ವಿದ್ಯಾಪೀಠ ಪ್ರಾರಂಭವಾಯಿತು. ಕಾರ್ಮಿಕರಿಗೂ ಅವರ ಮನೆಯವರಿಗೂ ಬಿಡುವಿನ ವೇಳೆಯಲ್ಲಿ ಕಸುಬು ಕಲಿಸುವುದು ಅದರ ಉದ್ದೇಶ. 2000ದಲ್ಲಿ ಈ ಸಂಸ್ಥೆಗಳಿಗೆ ಜನ ಶಿಕ್ಷಣ ಸಂಸ್ಥಾನ ಎಂಬ ಹೆಸರು ಬಂತು. ಹೊಲಿಗೆಯ ಜೊತೆಗೆ ಬ್ಯೂಟಿ ಪಾರ್ಲರಿನ ಕೆಲಸವೂ ಅಲ್ಲಿನ ಪಾಠಗಳಲ್ಲಿ ಸೇರಿತು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕಲಿತು ಮೇಲೆ ಬಂದ ನಮ್ಮ ಹಿರಿಯರಿಗೆ ಈ ಬಗೆಯ ಕಲಿಕೆಯ ಬೆಲೆ ಹೇಳಿಕೊಡಬೇಕಾದುದಿಲ್ಲ. 2015ರ ನಂತರ ಪ್ರಧಾನಮಂತ್ರಿ ಕೌಶಲ್ಯ ವಿಕಾಸ ಯೋಜನೆಯಡಿ 'ಸಹಾಯಕ ಬ್ಯೂಟಿ ಥೆರಪಿಸ್ಟ್' ಎಂಬ ಹುದ್ದೆಗೂ ಪಾಠಪಟ್ಟಿ, ಪರೀಕ್ಷೆ, ಪ್ರಮಾಣಪತ್ರಗಳು ಬಂದವು.

ಇಲ್ಲಿ ಕಲಿಸುವುದು ಏನು? ಮೊದಲ ಪಾಠ ಶುಚಿತ್ವ. ಕೈ ತೊಳೆಯುವುದು, ಪ್ರತಿ ಗಿರಾಕಿಗೂ ಒಗೆದ ಟವೆಲು, ಕತ್ತರಿ ಚಿಮಟಗಳನ್ನು ಕ್ರಿಮಿನಾಶಕದಲ್ಲಿ ಅದ್ದಿಡುವುದು. ಮುಂದಿನದು ಥ್ರೆಡಿಂಗ್: ದಾರದ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ನಡುವೆ ತಿರುಚಿ, ಬೆರಳುಗಳಿಂದ ಬಿಚ್ಚಿ ಮುಚ್ಚುವ ಚಳಕ. ಹುಬ್ಬಿಗೆ ಕೈಯಿಡುವ ಮೊದಲು ತಮ್ಮ ಕಾಲಿನ ಕೂದಲ ಮೇಲೆಯೇ ಅಭ್ಯಾಸ ಮಾಡುವುದುಂಟು. ವ್ಯಾಕ್ಸಿನ ಬಿಸಿಯನ್ನು ಮೊದಲು ತನ್ನ ಮಣಿಕಟ್ಟಿನ ಒಳಭಾಗದಲ್ಲಿ ನೋಡಿಕೊಳ್ಳಬೇಕು. ಕೂದಲು ಬೆಳೆದ ದಿಕ್ಕಿಗೆ ಹಚ್ಚಿ ಎದುರು ದಿಕ್ಕಿಗೆ ಎಳೆಯಬೇಕು. ಕೂದಲಿಗೆ ಬಣ್ಣ ಹಚ್ಚುವ ಒಂದೆರಡು ದಿನ ಮೊದಲೇ ಕಿವಿಯ ಹಿಂದೆ ತುಸು ಹಚ್ಚಿ, ತುರಿಕೆ ಬರುವುದೋ ಎಂದು ಪರೀಕ್ಷಿಸಬೇಕು. ಇನ್ನೊಬ್ಬರ ಮೈಗೆ ನೋವಾಗದಂತೆ ಕೈಯಾಡಿಸುವ ಈ ಶಿಸ್ತು ದಾದಿಯರ ಶಿಸ್ತಿಗೆ ಹತ್ತಿರದ್ದು.

ಪ್ರಮಾಣಪತ್ರದಿಂದಲೇ ಎಲ್ಲವೂ ದೊರೆಯುವುದೆಂದು ನಾವು ಹೇಳುವುದಿಲ್ಲ. ಸಹಾಯಕಿಯ ದಿನದ ಬಹುಪಾಲು ನಿಂತೇ ಕಳೆಯುತ್ತದೆ. ಕೂದಲು ಗುಡಿಸುವುದೂ ಚಹಾ ತರುವುದೂ ಆಕೆಯ ಪಾಲಿಗೆ ಬರುತ್ತವೆ. ಸೈರಂಧ್ರಿಯಂತೆ ಗೆರೆ ಎಳೆಯುವ ಧೈರ್ಯವೂ ಆಕೆಗೆ ಬೇಕು. ಹತ್ತಕ್ಕಿಂತ ಕಡಿಮೆ ಜನ ದುಡಿಯುವ ಸಣ್ಣ ಅಂಗಡಿಯಲ್ಲಿ ಕೀಚಕನೊಬ್ಬ ಎದುರಾದರೆ, 2013ರ ಕಾಯಿದೆಯ ಪ್ರಕಾರ ಜಿಲ್ಲೆಯ ಸ್ಥಾನಿಕ ಸಮಿತಿಗೆ ದೂರು ಕೊಡುವ ಹಕ್ಕು ಆಕೆಗಿದೆ. ಕೆಲಸ ಕಲಿಯುವಾಗಲೇ ಇದನ್ನೂ ತಿಳಿದಿರುವುದು ಲೇಸು.

ಅಪ್ಪಣ್ಣನ ಕಾಯಕವನ್ನು ವೇದಿಕೆಯ ಮೇಲೆ ಕೊಂಡಾಡಿ, ಮನೆಯ ಮಗಳು ಅಂಥದೇ ಕಾಯಕ ಹಿಡಿಯಹೊರಟಾಗ ಮುಖ ಬಾಡಿಸಿಕೊಳ್ಳುವುದು ನಮಗೆ ಶೋಭಿಸದು. ಕುಲದ ಕಟ್ಟಿನಿಂದ ಬಿಡುಗಡೆಯಾಗಿ ಎಲ್ಲರ ವಿದ್ಯೆಯಾಗಲು ಈ ಕೆಲಸಕ್ಕೆ ಶತಮಾನಗಳು ಬೇಕಾದವು. ಅದನ್ನು ಪೀಳಿಗೆಯಿಂದ ಪೀಳಿಗೆಗೆ ಕಾಪಾಡಿಕೊಂಡು ಬಂದ ಕುಲಗಳ ಋಣ ನೆನೆದು, ಹೊಸದಾಗಿ ಕಲಿಯುವವರ ಬೆನ್ನು ತಟ್ಟೋಣ.