ಭಾರ ಹೊರುವ ಮೂಳೆಯ ಪರೀಕ್ಷೆ

1736ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಜಾನ್ ಬೆಲ್ಚಿಯರ್ ಬಟ್ಟೆಗೆ ಅಚ್ಚು ಹಾಕುವವನೊಬ್ಬನ ಮನೆಗೆ ಊಟಕ್ಕೆ ಹೋಗಿದ್ದ. ಬಡಿಸಿದ ಹಂದಿಮಾಂಸದಲ್ಲಿ ಮೂಳೆ ಕೆಂಪಗಿತ್ತು. ಯಾಕೆಂದು ವಿಚಾರಿಸಿದ. ಬಟ್ಟೆಗೆ ಹತ್ತಿದ ಹೆಚ್ಚುವರಿ ಬಣ್ಣ ತೆಗೆಯಲು ಬಳಸಿದ ತೌಡನ್ನು ಆಮೇಲೆ ಹಂದಿಗಳಿಗೆ ಹಾಕುತ್ತಿದ್ದರಂತೆ. ಆ ಬಣ್ಣ ನಮ್ಮ ಮಂಜಿಷ್ಠದ ಹತ್ತಿರದ ಬಂಧುವಾದ ಮ್ಯಾಡರ್ ಗಿಡದ ಬೇರಿನದು. ಬಣ್ಣ ಕೂತದ್ದು ಮೂಳೆಯಲ್ಲಿ ಮಾತ್ರ. ಸುದ್ದಿ ಫ್ರಾನ್ಸಿನ ಡುಹಾಮೆಲ್ ಡು ಮೊನ್ಸೋಗೆ ಮುಟ್ಟಿತು. ಅವನು ಪ್ರಾಣಿಗಳಿಗೆ ಕೆಲವು ದಿನ ಮ್ಯಾಡರ್ ತಿನ್ನಿಸಿ, ಕೆಲವು ದಿನ ನಿಲ್ಲಿಸಿ, ಮತ್ತೆ ತಿನ್ನಿಸಿದ. ಕೊಯ್ದು ನೋಡಿದರೆ ಮರದ ಕಾಂಡದಲ್ಲಿ ಕಾಣುವಂತೆ ಕೆಂಪು-ಬಿಳಿ ಬಳೆಗಳು. ಹೊಸದಾಗಿ ಬೆಳೆದ ಭಾಗ ಮಾತ್ರ ಬಣ್ಣ ಹಿಡಿದಿತ್ತು.

ಮೂಳೆ ಒಣ ಕಂಬವಲ್ಲ, ಜೀವ ಇರುವ, ದಿನದಿನವೂ ಕಟ್ಟಿಕೊಳ್ಳುವ ಅಂಗ ಎಂಬುದು ಕಣ್ಣಿಗೆ ಕಾಣುವಂತಾದದ್ದು ಹೀಗೆ. ಮೂಳೆ ಜೋಡಿಸುವ ವಿಜ್ಞಾನದ ಮೊದಲ ಪಾಠಗಳಲ್ಲೊಂದು ಹಂದಿಯಿಂದ ಬಂತು ಎನ್ನುವುದನ್ನು ನಾನು ಆಕಸ್ಮಿಕ ಎಂದುಕೊಳ್ಳುವುದಿಲ್ಲ. ದೊಡ್ಡ ಮೈ, ದಪ್ಪ ಮೂಳೆ ಇಲ್ಲದಿದ್ದರೆ ಆ ಬಣ್ಣ ಊಟದ ತಟ್ಟೆಯಲ್ಲಿ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಮುಂದಿನ ನೂರೈವತ್ತು ವರ್ಷದ ಜಗಳ, ಹೊಸ ಮೂಳೆ ಕಟ್ಟುವವರು ಯಾರು ಎಂಬುದು. ಮೂಳೆಯ ಮೇಲಿನ ಪೊರೆ ಎಂದು ಲಿಯೋನ್ ನಗರದ ಓಲಿಯೆ 1867ರ ತನ್ನ ಗ್ರಂಥದಲ್ಲಿ ವಾದಿಸಿದ. ಇಲ್ಲ, ಮೂಳೆಯೇ ಎಂದು ಗ್ಲಾಸ್ಗೋದ ಮ್ಯಾಕ್‌ಇವನ್ ನಾಯಿಗಳಲ್ಲಿ ಪರೀಕ್ಷಿಸಿ ಹೇಳಿದ. ಇಬ್ಬರ ಮಾತಿನಲ್ಲೂ ಅರ್ಧರ್ಧ ಸತ್ಯವಿತ್ತು.

ಇಪ್ಪತ್ತನೆಯ ಶತಮಾನದಲ್ಲಿ ಪ್ರಶ್ನೆಯೇ ಬದಲಾಯಿತು. ಮುರಿದ ಮೂಳೆಯನ್ನು ಎಷ್ಟು ಬಿಗಿಯಾಗಿ ಹಿಡಿಯಬೇಕು? 1958ರಲ್ಲಿ ಸ್ವಿಟ್ಜರ್‌ಲೆಂಡಿನ ಶಸ್ತ್ರವೈದ್ಯರು ಎಒ ಎಂಬ ಗುಂಪು ಕಟ್ಟಿದರು, ಮರುವರ್ಷ ದಾವೋಸ್‌ನಲ್ಲಿ ಪ್ರಯೋಗಾಲಯ ತೆರೆದರು. ಶೆಂಕ್ ಮತ್ತು ವಿಲೆನೆಗರ್ 1963ರಲ್ಲಿ ನಾಯಿಯ ಮುಂಗಾಲಿನ ಮೂಳೆ ಕತ್ತರಿಸಿ, ಪ್ಲೇಟ್ ಹಾಕಿ ಒತ್ತಿ ಹಿಡಿದರು. ಮೂಳೆ ಕೂಡಿತು, ಆದರೆ ಮುರಿತದ ಸುತ್ತ ಸಾಮಾನ್ಯವಾಗಿ ಕಾಣುವ ಗಂಟು ಕಾಣಲಿಲ್ಲ. ಪುತ್ತೂರು ಕಟ್ಟು ಹಾಕಿಸಿಕೊಂಡವರೂ ಕೈಯಿಂದ ಮುಟ್ಟಿ ನೋಡುವ ಗುರುತು ಆ ಗಂಟು. ಅದಿಲ್ಲದೆಯೂ ಮೂಳೆ ಕೂಡಬಲ್ಲದು ಎನ್ನುವುದು ಹೊಸ ಸಂಗತಿ. ಇಂದು ಆಸ್ಪತ್ರೆಗಳಲ್ಲಿ ‘ಪ್ಲೇಟ್ ಹಾಕಿದ್ದಾರೆ’ ಎನ್ನುವಾಗ ಅದರ ಹಿಂದೆ ಆ ನಾಯಿಗಳೂ ಇವೆ. ಸೈಬೀರಿಯಾದ ಕುರ್ಗನ್‌ನಲ್ಲಿ ಇಲಿಜರೋವ್ ಹೊರಗಿನ ಬಳೆ-ತಂತಿ ಚೌಕಟ್ಟಿನಿಂದ ಮೂಳೆಯನ್ನು ಮೆಲ್ಲನೆ ಎಳೆದು ಉದ್ದ ಮಾಡುತ್ತಿದ್ದರು. ದಿನಕ್ಕೆ ಒಂದು ಮಿಲಿಮೀಟರ್, ಅದನ್ನೂ ನಾಲ್ಕು ಕಂತಿನಲ್ಲಿ ಎಂಬ ಲೆಕ್ಕವನ್ನು ಅವರು ಒರೆಗೆ ಹಚ್ಚಿದ್ದೂ ನಾಯಿಯ ಕಾಲಿನಲ್ಲೇ.

ಹಾಗಿದ್ದರೆ ಇಂದಿನ ಮೂಳೆ ಪ್ರಯೋಗಗಳಿಗೆ ಕುರಿ ಎಲ್ಲಿಂದ ಬಂತು? ಮೂಳೆಯ ರಚನೆಯಲ್ಲಿ ಮನುಷ್ಯನಿಗೆ ಹತ್ತಿರವಾದದ್ದು ನಾಯಿ ಮತ್ತು ಹಂದಿ ಎಂದು ಹೋಲಿಕೆಯ ಅಧ್ಯಯನಗಳು ಹೇಳುತ್ತವೆ. ಆದರೆ ಮನೆಯವರಂತೆ ಸಾಕುವ ನಾಯಿಯ ಮೇಲೆ ಪ್ರಯೋಗ ಮಾಡುವುದನ್ನು ಸಮಾಜ ಒಪ್ಪದಾಯಿತು. ಹಂದಿ ಬೇಗ ಬೆಳೆದು ತೂಕ ಏರಿಸಿಕೊಳ್ಳುತ್ತದೆ, ಅದರ ಕಾಲುಮೂಳೆ ಗಿಡ್ಡ. ತೂಕದ ತೊಂದರೆ ನೀಗಲು ಚಿಕ್ಕ ಮೈಯ ತಳಿಯ ಹಂದಿಗಳನ್ನು ಬಳಸಬೇಕಾಯಿತು. ಕುರಿ ಮನುಷ್ಯನಷ್ಟೇ ತೂಗುತ್ತದೆ, ಅದರ ಉದ್ದ ಮೂಳೆಗೆ ಮನುಷ್ಯರ ಪ್ಲೇಟ್ ಹೊಂದುತ್ತದೆ, ಸ್ವಭಾವ ಶಾಂತ, ಬೆಲೆಯೂ ಎಟುಕುವಂಥದ್ದು. ಅಂದರೆ ಕುರಿಯನ್ನು ಆರಿಸಿದ್ದರಲ್ಲಿ ಹೋಲಿಕೆಗೆ ಎಷ್ಟು ಪಾಲೋ ಅನುಕೂಲಕ್ಕೂ ಅಷ್ಟೇ ಪಾಲು. ಇದನ್ನು ಮರೆಯಬಾರದು. ಎಳೆಯ ಕುರಿಯ ಮೂಳೆ ಪದರ ಪದರವಾಗಿ ಬೇಗ ಕಟ್ಟುತ್ತದೆ. ಮನುಷ್ಯರಲ್ಲಿರುವಂತೆ ನಡುವೆ ರಕ್ತನಾಳ ಇಟ್ಟುಕೊಂಡ ಕೊಳವೆಗಳ ರಚನೆ ಅದರಲ್ಲಿ ವ್ಯಾಪಕವಾಗಿ ಕಾಣುವುದು ವಯಸ್ಸಾದ ಮೇಲೆ. ಎಳೆಯ ಕುರಿಯಲ್ಲಿ ಗೆದ್ದ ಚಿಕಿತ್ಸೆಯನ್ನು ಅರವತ್ತರ ರೋಗಿಗೆ ಹೊಂದಿಸುವ ಮುನ್ನ ಆ ಕುರಿಯ ವಯಸ್ಸು ಕೇಳಬೇಕು.

ಆದರೂ ಕುರಿ ಕೊಟ್ಟ ಉತ್ತರಗಳಲ್ಲಿ ಕೆಲವಂತೂ ಅಮೂಲ್ಯ. ಮೂಳೆ ಅಲ್ಲಾಡಲೇಬಾರದು ಎಂಬ ನಂಬಿಕೆ ಗಟ್ಟಿಯಾಗಿದ್ದ ಕಾಲದಲ್ಲಿ, 1985ರಲ್ಲಿ, ಇಂಗ್ಲೆಂಡಿನ ಗುಡ್‌ಶಿಪ್ ಮತ್ತು ಕೆನ್‌ರೈಟ್ ಕುರಿಯ ಕಣಕಾಲಿನ ಮುರಿತವನ್ನು ಹೊರಗಿನ ಚೌಕಟ್ಟಿನಲ್ಲಿ ಹಿಡಿದು, ದಿನಕ್ಕೆ ಹದಿನೇಳು ನಿಮಿಷ ಮಾತ್ರ ಒಂದು ಮಿಲಿಮೀಟರಿನಷ್ಟು ಅಲ್ಲಾಡಿಸಿದರು. ಬಿಗಿಯಾಗಿ ಹಿಡಿದ ಮೂಳೆಗಿಂತ ಅಲ್ಲಾಡಿದ ಮೂಳೆ ಚೆನ್ನಾಗಿ ಕೂಡಿತು. ಅವರು ಅಲ್ಲಿಗೇ ನಿಲ್ಲಲಿಲ್ಲ; ಅದೇ ತತ್ವವನ್ನು ಕಾಲು ಮುರಿದ ರೋಗಿಗಳಲ್ಲಿ ಪರೀಕ್ಷಿಸಿ 1991ರಲ್ಲಿ ಪ್ರಕಟಿಸಿದರು, ಅಲ್ಲೂ ಮೂಳೆ ಬೇಗ ಕೂಡಿತು. ಪ್ರಾಣಿಯಿಂದ ಮನುಷ್ಯನಿಗೆ ಇಷ್ಟು ನೇರವಾಗಿ ದಾಟಿದ ಪಾಠ ಈ ಕ್ಷೇತ್ರದಲ್ಲಿ ಅಪರೂಪ.

ನೇರವಾಗಿ ದಾಟದ ಕಥೆಯನ್ನೂ ಹೇಳಬೇಕು. 1965ರಲ್ಲಿ ಲಾಸ್ ಏಂಜಲೀಸ್‌ನ ಮಾರ್ಷಲ್ ಯೂರಿಸ್ಟ್ ಆಮ್ಲದಲ್ಲಿ ಖನಿಜ ಕಳೆದ ಮೂಳೆಯ ಚೂರನ್ನು ಪ್ರಾಣಿಯ ಸ್ನಾಯುವಿನೊಳಗೆ ಇಟ್ಟರು. ಸ್ನಾಯುವಿನ ನಡುವೆ ಹೊಸ ಮೂಳೆ ಹುಟ್ಟಿತು! ಆ ಚೂರಿನಲ್ಲಿ ಮೂಳೆ ಹುಟ್ಟಿಸುವ ಪ್ರೋಟೀನ್ ಇತ್ತು. ಅದಕ್ಕೆ ಬಿಎಂಪಿ ಎಂಬ ಹೆಸರು ಬಂತು. 1988ರಲ್ಲಿ ಅದರ ಜೀನುಗಳು ಸಿಕ್ಕವು, ಪ್ರಯೋಗಾಲಯದಲ್ಲೇ ಪ್ರೋಟೀನ್ ತಯಾರಿಸುವ ದಾರಿ ತೆರೆಯಿತು. ಇಲಿಯಲ್ಲಿ ಅತಿ ಕಡಿಮೆ ಸಾಂದ್ರತೆಯೇ ಸಾಕಾಯಿತು. ನಾಯಿಗೆ ಅಷ್ಟು ಸಾಲಲಿಲ್ಲ. ಮಂಗಗಳಿಗೆ ಇನ್ನೂ ಹೆಚ್ಚು ಬೇಕಾಯಿತು. ಕೊನೆಗೆ ಮನುಷ್ಯನಿಗೆ ಗೊತ್ತುಮಾಡಿದ್ದು ಒಂದು ಮಿಲಿಲೀಟರಿಗೆ 1.5 ಮಿಲಿಗ್ರಾಂ, ಮೈಯಲ್ಲಿ ಸಹಜವಾಗಿ ಇರುವುದರ ಪಕ್ಕದಲ್ಲಿ ಇದು ಪ್ರವಾಹ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2002ರಲ್ಲಿ ಬೆನ್ನುಮೂಳೆ ಬೆಸೆಯುವ ಶಸ್ತ್ರಚಿಕಿತ್ಸೆಗೆ, 2004ರಲ್ಲಿ ಗಾಯ ತೆರೆದುಕೊಂಡ ಕಣಕಾಲ ಮುರಿತಕ್ಕೆ ಒಪ್ಪಿಗೆ ಕೊಟ್ಟಿತು. ಒಪ್ಪಿಗೆ ಇಲ್ಲದ ಕಡೆಯೂ ಬಳಕೆ ಹಬ್ಬಿತು. ಕುತ್ತಿಗೆಯಲ್ಲಿ ಬಳಸಿದಾಗ ಉಸಿರು ಕಟ್ಟುವಷ್ಟು ಬಾವು ಬಂದ ಪ್ರಕರಣಗಳ ಬಗ್ಗೆ ಅದೇ ಸಂಸ್ಥೆ 2008ರಲ್ಲಿ ಎಚ್ಚರಿಸಿತು. ಮೂಲ ಪ್ರಯೋಗಗಳ ವರದಿಗಳಲ್ಲಿ ಅಡ್ಡಪರಿಣಾಮಗಳು ಸರಿಯಾಗಿ ದಾಖಲಾಗಿಲ್ಲ ಎಂದು 2011ರಲ್ಲಿ ಸ್ಪೈನ್ ಜರ್ನಲ್ ಒಂದು ಸಂಚಿಕೆಯನ್ನೇ ಇದಕ್ಕೆ ಮೀಸಲಿಟ್ಟಿತು. ದೊಡ್ಡ ಪ್ರಾಣಿಗಳು ಇಲ್ಲಿ ಸುಳ್ಳು ಹೇಳಿರಲಿಲ್ಲ. ಮನುಷ್ಯನಿಗೆ ಹತ್ತಿರ ಹತ್ತಿರ ಬಂದಂತೆ ಪ್ರಮಾಣ ಏರುತ್ತಲೇ ಹೋದದ್ದು ಒಂದು ಎಚ್ಚರಿಕೆ. ಅದನ್ನು ಎಚ್ಚರಿಕೆಯೆಂದು ಓದಿಕೊಳ್ಳಬೇಕಿತ್ತು.

ಇಲಿಯಲ್ಲಿ ಕೂಡುವುದು ಕುರಿಯಲ್ಲಿ ಯಾಕೆ ಕೂಡುವುದಿಲ್ಲ? ಜೀವಕೋಶವೊಂದು ರಕ್ತನಾಳದಿಂದ ಮಿಲಿಮೀಟರಿನ ಐದರಲ್ಲೊಂದು ಭಾಗಕ್ಕಿಂತ ಹೆಚ್ಚು ದೂರವಿದ್ದರೆ ಬದುಕುವುದು ಕಷ್ಟ. ಇಲಿಯ ಕಾಲಿನ ಸಣ್ಣ ಸಂದಿಗೆ ಅಕ್ಕಪಕ್ಕದಿಂದಲೇ ರಕ್ತ ಹರಿದು ಬರುತ್ತದೆ. ಕುರಿಯ ಕಣಕಾಲಿನಲ್ಲಿ ಮೂರು ಸೆಂಟಿಮೀಟರ್ ಮೂಳೆ ತೆಗೆದರೆ ಆ ಖಾಲಿ ಜಾಗದ ನಡುಭಾಗ ಹಸಿದು ಕೂರುತ್ತದೆ. ಮೇಲಾಗಿ ಕುರಿಗೆ ‘ಒಂದು ತಿಂಗಳು ಕಾಲೂರಬೇಡ’ ಎಂದು ಹೇಳಲು ಬರುವುದಿಲ್ಲ. ಅರಿವಳಿಕೆ ಇಳಿದ ಕೂಡಲೇ ಎದ್ದು ನಿಲ್ಲುತ್ತದೆ. ಚಿಕಿತ್ಸೆ ಮೊದಲ ದಿನದಿಂದಲೇ ಭಾರ ಹೊರಬೇಕು.

ಈ ಕಠಿಣ ಪರೀಕ್ಷೆಗೆ ನಿಂತವರಲ್ಲಿ ಮುಖ್ಯರು ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಡೀಟ್ಮಾರ್ ಹುಟ್‌ಮಾಖರ್ ಅವರ ತಂಡ. ಮೂರು ಸೆಂಟಿಮೀಟರ್ ಸಂದಿಗೆ ಕರಗುವ ಪ್ಲಾಸ್ಟಿಕ್ ಮತ್ತು ಕ್ಯಾಲ್ಸಿಯಂ ಫಾಸ್ಫೇಟಿನ ಜಾಲರಿ ಇಟ್ಟು, ಅದಕ್ಕೆ ಬಿಎಂಪಿ ಬಳಗದ ಬಿಎಂಪಿ-7 ಸೇರಿಸಿ, ಒಂದು ವರ್ಷ ಕಾದರು. ಫಲಿತಾಂಶ 2012ರಲ್ಲಿ ಬಂತು: ಕುರಿಯ ಸೊಂಟದಿಂದಲೇ ಮೂಳೆ ತೆಗೆದು ತುಂಬಿದ್ದನ್ನು ಇದು ಮೀರಿಸಿತ್ತು. ಸ್ವಂತ ಮೂಳೆಯ ಕಸಿಯನ್ನು ಮುಟ್ಟುವುದೇ ಈ ಕ್ಷೇತ್ರದ ಅಳತೆಗೋಲಾದ್ದರಿಂದ ಈ ‘ಮೀರಿಸಿತ್ತು’ ದೊಡ್ಡ ಮಾತು. ಅದಕ್ಕೂ ಮೊದಲು, 2000ದಲ್ಲಿ, ಪ್ಯಾರಿಸ್‌ನ ತಂಡವೊಂದು ಹವಳದ ತುಂಡಿಗೆ ಅಸ್ಥಿಮಜ್ಜೆಯ ಕೋಶ ತುಂಬಿ ಕುರಿಯಲ್ಲಿ ಪರೀಕ್ಷಿಸಿತ್ತು. ನಮ್ಮ ನೆರೆಯ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ಸಿಲಿಕಾ ಬೆರೆತ ಪಿಂಗಾಣಿಯಂಥ ವಸ್ತುವನ್ನು ಮೇಕೆಯ ತೊಡೆಮೂಳೆಯಲ್ಲಿ ಪರೀಕ್ಷಿಸಿದೆ. ಮೇಕೆ ನಮ್ಮ ಹವೆಗೆ ಒಗ್ಗಿದ ಪ್ರಾಣಿ, ಆಯ್ಕೆ ಸರಿಯೆನಿಸುತ್ತದೆ.

ಕುರಿ ನೋವನ್ನು ಬಚ್ಚಿಡುತ್ತದೆ. ಬೇಟೆಗೆ ಗುರಿಯಾಗುವ ಪ್ರಾಣಿ ಕುಂಟಿದರೆ ತೋಳ ಗುರುತಿಸುತ್ತದೆ. ಹಾಗಾಗಿ ಅದು ಕೂಗಲಿಲ್ಲ ಎಂದರೆ ನೋವಿಲ್ಲ ಎಂದಲ್ಲ. ಅದರ ಕಿವಿ, ಕಣ್ಣು, ಮೂಗಿನ ಭಂಗಿ ನೋಡಿ ನೋವು ಅಳೆಯುವ ಕ್ರಮಗಳು ಬಂದಿವೆ. ಹಿಂಡಿನ ಪ್ರಾಣಿಯಾದ್ದರಿಂದ ಪಕ್ಕದ ದೊಡ್ಡಿಯಲ್ಲಿ ಜೊತೆಗಾರ ಕುರಿ ಇರಬೇಕೆಂಬ ತಿಳುವಳಿಕೆಯೂ ಬೆಳೆದಿದೆ. ಭಾರತದಲ್ಲಿ ಪ್ರಾಣಿಹಿಂಸೆ ತಡೆ ಕಾಯ್ದೆ ಬಂದದ್ದು 1960ರಲ್ಲಿ, ಅದರ ಹಿಂದೆ ರುಕ್ಮಿಣಿ ದೇವಿ ಅರುಂಡೇಲ್ ಅವರ ಹೋರಾಟವಿತ್ತು. ಪ್ರಯೋಗಗಳ ಮೇಲೆ ಕಣ್ಣಿಡುವ ಸಮಿತಿಗೆ ಆ ಕಾಯ್ದೆಯೇ ಆಧಾರ. ಇಲಿಯಲ್ಲೋ ಕಂಪ್ಯೂಟರಿನಲ್ಲೋ ಉತ್ತರ ಸಿಗುವ ಪ್ರಶ್ನೆಗೆ ಕುರಿಯ ಕಾಲು ಕತ್ತರಿಸುವುದು ತಪ್ಪು ಎಂದು ನಾನು ಖಚಿತವಾಗಿ ನಂಬಿದ್ದೇನೆ. ಕೆಲವೇ ಕುರಿಗಳಲ್ಲಿ ಮಾಡಿ, ಹೋಲಿಕೆಯ ಗುಂಪನ್ನೇ ಇಡದೆ, ಏನನ್ನೂ ತೀರ್ಮಾನಿಸಲಾಗದ ಪ್ರಯೋಗ ಅದಕ್ಕಿಂತ ದೊಡ್ಡ ತಪ್ಪು.

ಉಳಿದಿರುವ ಅಂತರವೂ ಸಣ್ಣದಲ್ಲ. ಪ್ರಯೋಗದ ಕುರಿ ಆರೋಗ್ಯವಂತ. ಅದರ ಮೂಳೆಯನ್ನು ಶುದ್ಧ ಗರಗಸದಿಂದ ಕೊಯ್ದು ಅದೇ ಗಳಿಗೆಯಲ್ಲಿ ಚಿಕಿತ್ಸೆ ಕೊಡುತ್ತಾರೆ. ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದವನು ಮಣ್ಣು ಮೆತ್ತಿದ ಗಾಯದೊಂದಿಗೆ ಗಂಟೆಗಳ ಮೇಲೆ ಆಸ್ಪತ್ರೆ ಸೇರುತ್ತಾನೆ. ಅವನಿಗೆ ಸಕ್ಕರೆ ಕಾಯಿಲೆ ಇರಬಹುದು, ಬೀಡಿ ಚಟ ಇರಬಹುದು. ಈ ಕೊರತೆ ತುಂಬಲು ದಾವೋಸ್‌ನವರೇ ಮೊದಲಾಗಿ ಕೆಲವರು ಹೊರಟಿದ್ದಾರೆ: ರಾಡ್ ಹಾಕಿದ ಕುರಿಯ ಮೂಳೆಗೆ ಔಷಧಕ್ಕೆ ಬಗ್ಗದ ಸ್ಟ್ಯಾಫಿಲೋಕಾಕಸ್ ಸೋಂಕು ತಗುಲಿಸಿ, ರಾಡ್ ತೆಗೆದು, ಗಾಯ ತೊಳೆದು, ಪ್ರತಿಜೈವಿಕ ಕೊಟ್ಟು, ಮತ್ತೆ ಹೊಸ ರಾಡ್ ಹಾಕಿ ಕಾಯುತ್ತಾರೆ, ಆಸ್ಪತ್ರೆಯ ವಾರ್ಡಿನಲ್ಲಿ ತಿಂಗಳುಗಟ್ಟಲೆ ನಡೆಯುವುದನ್ನೇ ಹಂತ ಹಂತವಾಗಿ ನಡೆಸಿ ನೋಡುತ್ತಾ.