ಮಾರಾಟವಾಗದೆ ಉಳಿದ ಕಂಪನಿ

ಇನ್ಫೋಸಿಸ್ ಎಂದರೆ ಬೆಂಗಳೂರು ಎಂದೇ ನಮ್ಮ ಮಕ್ಕಳು ತಿಳಿದಿದ್ದಾರೆ. ಊರಿನಿಂದ ಬಂದ ನೆಂಟರಿಗೆ ಹಿಂಜವಡಿಯ ಆವರಣವನ್ನು ತೋರಿಸಿದರೆ, ‘ಇಲ್ಲೂ ಒಂದು ಶಾಖೆ ಇದೆಯೇ?’ ಎಂದು ಕೇಳುತ್ತಾರೆ. ನಿಜಸಂಗತಿ ಬೇರೆ. ಆ ಕಂಪನಿ 1981ರ ಜುಲೈ ತಿಂಗಳಲ್ಲಿ ನೋಂದಣಿಯಾದದ್ದು ನಮ್ಮ ಪುಣೆಯಲ್ಲಿ. ಇನ್ಫೋಸಿಸ್ ಕನ್ಸಲ್ಟಂಟ್ಸ್ ಪ್ರೈವೇಟ್ ಲಿಮಿಟೆಡ್ ಎಂಬುದು ಅದರ ಮೊದಲ ಹೆಸರು. ಸಾಲ ಮಾಡಿ ಕೊಂಡ ಒಂದು ಮನೆಯೇ ಅದರ ಕಚೇರಿ. ಪುಣೆಯ ಕನ್ನಡಿಗರಾದ ನಾವು ಈ ಕಥೆಯನ್ನು ನಮ್ಮ ಕಡೆಯಿಂದಲೂ ಒಮ್ಮೆ ನೋಡಬೇಕು.

ಎನ್. ಆರ್. ನಾರಾಯಣಮೂರ್ತಿ ಅವರು ಹುಟ್ಟಿದ್ದು 1946ರಲ್ಲಿ, ಶಿಡ್ಲಘಟ್ಟದಲ್ಲಿ. ಮೈಸೂರಿನಲ್ಲಿ ಎಂಜಿನಿಯರಿಂಗ್, ಕಾನ್ಪುರದ ಐಐಟಿಯಲ್ಲಿ ಎಂ.ಟೆಕ್. ಮುಗಿಸಿ, ಅಹಮದಾಬಾದಿನ ಐಐಎಂನಲ್ಲಿ ಕಂಪ್ಯೂಟರಿನ ಕೆಲಸ ಮಾಡಿದರು. ಬಳಿಕ ಪ್ಯಾರಿಸಿಗೆ ಹೋಗಿ ಅಲ್ಲಿಯ ವಿಮಾನ ನಿಲ್ದಾಣದ ಸರಕು ಸಾಗಣೆಗೆ ಸಾಫ್ಟ್‌ವೇರ್ ಬರೆದರು. ಆಗ ಅವರು ಎಡಪಂಥದವರು. 1974ರಲ್ಲಿ ಸ್ವದೇಶಕ್ಕೆ ಮರಳುವಾಗ ಯುಗೋಸ್ಲಾವಿಯಾ–ಬಲ್ಗೇರಿಯಾ ಗಡಿಯ ಬಳಿ ರೈಲಿನಿಂದ ಇಳಿಸಿ ಪೊಲೀಸರು ಅವರನ್ನು ಕೂಡಿಹಾಕಿದರು. ಮೂರು ದಿನ ಉಪವಾಸ. ಆ ಕೋಣೆಯಲ್ಲಿಯೇ ತಮ್ಮ ಎಡಪಂಥ ಕರಗಿತೆಂದೂ, ಉದ್ಯಮ ಕಟ್ಟಿ ಉದ್ಯೋಗ ಸೃಷ್ಟಿಸದೆ ಬಡತನ ಹೋಗದೆಂಬ ನಂಬಿಕೆ ಬಂತೆಂದೂ ಅವರೇ ಹೇಳಿದ್ದಾರೆ.

ಆದರೆ ನಂಬಿಕೆ ಬಂದ ಕೂಡಲೇ ಉದ್ಯಮ ಕೈಹಿಡಿಯುವುದಿಲ್ಲವಲ್ಲ! ಪುಣೆಯಲ್ಲಿ ಅವರು ಮೊದಲು ಆರಂಭಿಸಿದ ಸಂಸ್ಥೆಯ ಹೆಸರು ಸಾಫ್ಟ್ರಾನಿಕ್ಸ್. ಕಾಲ ಸುಮಾರು 1976. ಭಾರತದ ಗಿರಾಕಿಗಳಿಗೆ ಸಾಫ್ಟ್‌ವೇರ್ ಬರೆದುಕೊಡುವುದು ಅದರ ಉದ್ದೇಶ. ಕಂಪ್ಯೂಟರ್‌ಗಳೇ ವಿರಳವಾಗಿದ್ದ ದೇಶದಲ್ಲಿ ಅದನ್ನು ಕೊಳ್ಳುವವರು ಯಾರು? ಒಂದೂವರೆ ವರ್ಷದಲ್ಲಿ ಸಂಸ್ಥೆ ಮುಚ್ಚಿತು. ಗಿರಾಕಿಗಳನ್ನು ಹೊರದೇಶದಲ್ಲಿಯೇ ಹುಡುಕಬೇಕೆಂಬ ಪಾಠ ಇಲ್ಲಿ ಸಿಕ್ಕಿತು.

ಈ ಮಧ್ಯೆ ನಡೆದ ಇನ್ನೊಂದು ವ್ಯವಹಾರ ನಮ್ಮ ಮನೆಗಳಿಗೆ ಹತ್ತಿರವಾದದ್ದು. ಹುಬ್ಬಳ್ಳಿಯಲ್ಲಿ ಓದಿದ ಸುಧಾ ಕುಲಕರ್ಣಿ ಅವರು ಆಗ ಪುಣೆಯ ಟೆಲ್ಕೋದಲ್ಲಿ ಎಂಜಿನಿಯರ್. ಕೆಲಸಕ್ಕೆ ಹೆಂಗಸರು ಅರ್ಜಿ ಹಾಕಕೂಡದೆಂಬ ಜಾಹೀರಾತನ್ನು ಕಂಡು ಜೆ. ಆರ್. ಡಿ. ಟಾಟಾ ಅವರಿಗೇ ಕಾರ್ಡು ಬರೆದ ಹುಡುಗಿ. ಇಬ್ಬರಿಗೂ ಪರಿಚಯವಾಯಿತು. ಒಟ್ಟಿಗೆ ಊಟಕ್ಕೆ ಹೋದಾಗ ಬಹುಪಾಲು ಹಣ ಕೊಡುತ್ತಿದ್ದವರು ಸುಧಾ ಅವರು. ಆ ಲೆಕ್ಕವನ್ನು ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಬಾಕಿ 4,000 ರೂಪಾಯಿ ದಾಟಿತಂತೆ. ಮದುವೆಯಾದ ಮೇಲೆ ಆ ಪುಸ್ತಕವನ್ನು ಅವರೇ ಹರಿದು ಹಾಕಿದರು. ದಿನವೂ ಲೆಕ್ಕಪತ್ರ ಬರೆಯುವ ನನಗೆ ಇದನ್ನು ಓದಿದಾಗ ಸ್ವಲ್ಪ ಸಂಕಟವೇ ಆಯಿತು!

ಮದುವೆಗೆ ಮುನ್ನ ಒಂದು ತೊಡಕಿತ್ತು. ಹುಡುಗ ಏನು ಮಾಡಬೇಕೆಂದಿದ್ದಾನೆ ಎಂದು ಸುಧಾ ಅವರ ತಂದೆ ಕೇಳಿದರು. ಕಮ್ಯುನಿಸ್ಟ್ ಪಕ್ಷದಲ್ಲಿ ರಾಜಕಾರಣಿಯಾಗಿ ಅನಾಥಾಲಯ ತೆರೆಯುವೆನೆಂದು ಉತ್ತರ ಬಂತು. (ಗಡಿಯ ಬಳಿ ಕರಗಿದ ಎಡಪಂಥ ಮಾವನವರ ಮುಂದೆ ಮತ್ತೆ ಗಟ್ಟಿಯಾದದ್ದು ಹೇಗೋ!) ವೈದ್ಯರಾಗಿದ್ದ ತಂದೆ ಒಪ್ಪಲಿಲ್ಲ. ನಮ್ಮಲ್ಲಿ ಯಾರು ತಾನೇ ಒಪ್ಪಿಯಾರು? 1977ರ ಕೊನೆಗೆ ಮೂರ್ತಿ ಅವರು ಪಟ್ನಿ ಕಂಪ್ಯೂಟರ್ ಸಿಸ್ಟಮ್ಸ್‌ನಲ್ಲಿ ಜನರಲ್ ಮ್ಯಾನೇಜರ್ ಆದರು. ಸಂಬಳದ ಕೆಲಸ ಸಿಕ್ಕಿತು, ಒಪ್ಪಿಗೆಯೂ ಸಿಕ್ಕಿತು. 1978ರ ಫೆಬ್ರುವರಿಯಲ್ಲಿ ಬೆಂಗಳೂರಿನ ಮನೆಯಲ್ಲಿ ಮದುವೆ. ಖರ್ಚು 800 ರೂಪಾಯಿ, ಇಬ್ಬರದೂ ಸಮಪಾಲು.

ಹಾಗೆ ಕಷ್ಟಪಟ್ಟು ಹಿಡಿದ ಕೆಲಸವನ್ನು ಮೂರೇ ವರ್ಷಗಳಲ್ಲಿ ಬಿಡುವ ಮಾತು ಬಂದಾಗ ಮನೆಯಲ್ಲಿ ಏನಾಗಿರಬೇಡ! ಪಟ್ನಿಯಲ್ಲಿ ಜೊತೆಗೆ ದುಡಿಯುತ್ತಿದ್ದ ನಂದನ್ ನಿಲೇಕಣಿ, ಎನ್. ಎಸ್. ರಾಘವನ್, ಕ್ರಿಸ್ ಗೋಪಾಲಕೃಷ್ಣನ್, ಎಸ್. ಡಿ. ಶಿಬುಲಾಲ್, ಕೆ. ದಿನೇಶ್ ಮತ್ತು ಅಶೋಕ್ ಅರೋರಾ ಅವರೂ ಸೇರಿ ಒಟ್ಟು ಏಳು ಜನ. ಸುಧಾ ಅವರು ಕೂಡಿಟ್ಟಿದ್ದ ಹಣದಿಂದ 10,000 ರೂಪಾಯಿ ತೆಗೆದುಕೊಟ್ಟರು. ಅದಕ್ಕಿಂತಲೂ ದೊಡ್ಡ ಸಹಾಯ, ಅವರು ವಾಲಚಂದ್ ಸಮೂಹದಲ್ಲಿ ಕೆಲಸಕ್ಕೆ ಸೇರಿ ತಿಂಗಳು ತಿಂಗಳು ಸಂಬಳ ತಂದದ್ದು. ಹತ್ತು ಸಾವಿರದ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಒಂದನೆಯ ತಾರೀಖಿಗೆ ಬರುವ ಹಣದ ಬೆಲೆ ಸಂಸಾರಸ್ಥರಿಗೆ ಗೊತ್ತು.

ಮೊದಲ ಗಿರಾಕಿ ನ್ಯೂಯಾರ್ಕಿನ ಡೇಟಾ ಬೇಸಿಕ್ಸ್ ಕಾರ್ಪೊರೇಷನ್. ಸ್ವಂತ ಕಂಪ್ಯೂಟರ್ ಇಲ್ಲದ ಕಾರಣ ಸಂಗಾತಿಗಳು ಅಮೆರಿಕಕ್ಕೇ ಹೋಗಿ ಕೆಲಸ ಮಾಡಬೇಕಾಯಿತು. ಯಂತ್ರ ತರಿಸಲು ಸರಕಾರದ ಪರವಾನಗಿ ಬೇಕು, ಅದಕ್ಕಾಗಿ ದೆಹಲಿಗೆ ಹತ್ತಾರು ಸಲ ಅಲೆದಾಟ. ಫೈಲು ಒಂದು ಮೇಜಿನಿಂದ ಮತ್ತೊಂದು ಮೇಜಿಗೆ ಹೋಗಲು ಎಷ್ಟು ದಿನ ಬೇಕೆಂಬುದನ್ನು ಬಲ್ಲ ನಾನು ಆ ವಿಷಯದಲ್ಲಿ ಹೆಚ್ಚು ಹೇಳದಿರುವುದೇ ಲೇಸು. 1983ರಲ್ಲಿ ಬೆಂಗಳೂರಿನ ಮೈಕೋ ಕಂಪನಿ ಮೊದಲ ಭಾರತೀಯ ಗಿರಾಕಿಯಾಯಿತು; ಇನ್ಫೋಸಿಸ್ ಪುಣೆಯನ್ನು ಬಿಟ್ಟು ಅಲ್ಲಿಗೆ ಹೋಯಿತು.

ಬೆಂಗಳೂರಿನಲ್ಲಿ ಕಂಪನಿಗೆ ನಿಜವಾದ ಪರೀಕ್ಷೆ ಬಂದದ್ದು ಒಂಬತ್ತು ವರ್ಷ ದುಡಿದ ಮೇಲೆ. ಅಮೆರಿಕದ ಕರ್ಟ್ ಸಾಲ್ಮನ್ ಅಸೋಸಿಯೇಟ್ಸ್ ಜೊತೆಗಿನ ಪಾಲುದಾರಿಕೆ 1989ರಲ್ಲಿ ಮುರಿದುಬಿತ್ತು. ಅರೋರಾ ಅವರು ತಮ್ಮ ಪಾಲನ್ನು ಬಿಟ್ಟುಕೊಟ್ಟು ಹೊರನಡೆದರು. 1990ರಲ್ಲಿ ಕಂಪನಿಯನ್ನು ಕೊಳ್ಳಲು ಹತ್ತು ಲಕ್ಷ ಡಾಲರುಗಳ ಬೇಡಿಕೆ ಬಂತು. ಆಗಿನ ದರದಲ್ಲಿ ಅದು ಎರಡು ಕೋಟಿ ರೂಪಾಯಿಗೂ ಕಡಿಮೆ. ಜೊತೆಯಲ್ಲಿ ಓದಿದವರು ಕಾರು, ಮನೆ ಮಾಡಿಕೊಂಡಿದ್ದ ಹೊತ್ತು. ಮಾರಿಬಿಡೋಣ ಎಂದು ಸಂಗಾತಿಗಳಿಗೆ ಅನಿಸಿದ್ದರಲ್ಲಿ ತಪ್ಪೇನೂ ಕಾಣುವುದಿಲ್ಲ. ಐವರು ಕೂಡಿದ್ದ ಸಭೆಯಲ್ಲಿ ಮೂರ್ತಿ ಅವರು ಕಡೆಯಲ್ಲಿ ಮಾತನಾಡಿ, ಹೋಗಬೇಕೆನ್ನುವವರ ಪಾಲನ್ನು ತಾವೇ ಕೊಳ್ಳುವುದಾಗಿ ಹೇಳಿದರು. ಕೈಯಲ್ಲಿ ಹಣವಿರಲಿಲ್ಲ! ಸಭೆ ಮುಗಿಯುವ ವೇಳೆಗೆ ಉಳಿದವರೂ ನಿಲ್ಲಲು ಒಪ್ಪಿದರು.

ಇದನ್ನು ಧೈರ್ಯವೆನ್ನಬೇಕೋ ಹಟವೆನ್ನಬೇಕೋ ತಿಳಿಯದು. ಮರುವರ್ಷ, 1991ರಲ್ಲಿ, ಸರಕಾರದ ಆರ್ಥಿಕ ನೀತಿ ಬದಲಾಗಿ ಪರವಾನಗಿಯ ಬಿಗಿ ಸಡಿಲಿತು. ಅದು ಆಗುತ್ತದೆಂದು ಆ ಕೋಣೆಯಲ್ಲಿದ್ದ ಯಾರಿಗೂ ಗೊತ್ತಿರುವುದು ಸಾಧ್ಯವಿರಲಿಲ್ಲ. ಕಾಲ ಕೂಡಿ ಬಂತು ಎನ್ನುವುದನ್ನು ಬಿಟ್ಟು ಬರೆದರೆ ಇತಿಹಾಸಕ್ಕೆ ಅನ್ಯಾಯವಾದೀತು. 1993ರಲ್ಲಿ 95 ರೂಪಾಯಿಗೆ ಒಂದರಂತೆ ಶೇರುಗಳನ್ನು ಸಾರ್ವಜನಿಕರಿಗೆ ಕೊಟ್ಟಾಗಲೂ ಸಾಕಷ್ಟು ಜನ ಕೊಳ್ಳಲಿಲ್ಲ. ಮಾರ್ಗನ್ ಸ್ಟ್ಯಾನ್ಲಿ ಬಂದು ಕೈಹಿಡಿಯಬೇಕಾಯಿತು. 1999ರಲ್ಲಿ ಅದೇ ಕಂಪನಿ ಅಮೆರಿಕದ ನಾಸ್ಡಾಕ್ ಪೇಟೆಯನ್ನು ಪ್ರವೇಶಿಸಿತು.

ಏಳು ಜನ ಬಿಟ್ಟುಬಂದ ಪಟ್ನಿ ಕಂಪನಿಯೂ ಚೆನ್ನಾಗಿಯೇ ಬೆಳೆಯಿತು. ಆದರೆ 2011ರಲ್ಲಿ ಅದು ಐಗೇಟ್ ಪಾಲಾಯಿತು. ಆಗ ಐಗೇಟಿನ ಮುಖ್ಯಸ್ಥರಾಗಿದ್ದ ಫಣೀಶ್ ಮೂರ್ತಿ ಅವರು ಹಿಂದೆ ಇನ್ಫೋಸಿಸ್‌ನಲ್ಲಿಯೇ ಇದ್ದವರು. 2015ರಲ್ಲಿ ಐಗೇಟನ್ನು ಫ್ರಾನ್ಸಿನ ಕ್ಯಾಪ್‌ಜೆಮಿನಿ ಕೊಂಡಿತು. ಮೂಲ ಕಂಪನಿಯ ಹೆಸರೂ ಈಗ ಉಳಿದಿಲ್ಲ.

ಸುಧಾ ಅವರಿಗೆ ಮಾತ್ರ ಇನ್ಫೋಸಿಸ್‌ನಲ್ಲಿ ಕುರ್ಚಿ ಸಿಗಲಿಲ್ಲ. ಗಂಡ ಹೆಂಡತಿ ಇಬ್ಬರೂ ಒಂದೇ ಕಂಪನಿಯಲ್ಲಿ ಇರಬಾರದೆಂದು ಮೂರ್ತಿ ಅವರು ನಿಯಮ ಮಾಡಿದ್ದರು. ಅವರನ್ನು ಹೊರಗಿಟ್ಟದ್ದು ತಪ್ಪು ಆದರ್ಶವಾಗಿತ್ತೆಂದು ಅವರು ಬಹಿರಂಗವಾಗಿ ಒಪ್ಪಿಕೊಂಡದ್ದು 2024ರಲ್ಲಿ.