ಬಾನಿನಿಂದ ಬಿದ್ದ ಕಲ್ಲುಗಳು

ಆಕಾಶದಿಂದ ಕಲ್ಲು ಬಿದ್ದಿತೆಂದು ಇಂದು ಯಾರಾದರೂ ಹೇಳಿದರೆ ನಾವು ನಗುವುದಿಲ್ಲ, ಉಲ್ಕೆಯಿರಬೇಕು ಎನ್ನುತ್ತೇವೆ. ಇನ್ನೂರೈವತ್ತು ವರ್ಷಗಳ ಹಿಂದೆ ಯುರೋಪಿನ ವಿದ್ವಾಂಸರ ಮುಂದೆ ಹೀಗೆಂದವನು ನಗೆಗೀಡಾಗುತ್ತಿದ್ದನು. ನಮ್ಮ ವರಾಹಮಿಹಿರನು ‘ಬೃಹತ್ಸಂಹಿತೆ’ಯಲ್ಲಿ ಉಲ್ಕೆಯ ಲಕ್ಷಣಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ, ನಿಜ, ಆದರೆ ಅವನ ದೃಷ್ಟಿ ಶಕುನದ ಕಡೆಗೆ. ಒಬ್ಬರು ಶಕುನವೆಂದರು, ಒಬ್ಬರು ಸುಳ್ಳೆಂದರು. ಕಲ್ಲು ಬಂದದ್ದೆಲ್ಲಿಂದ ಎಂಬ ಪ್ರಶ್ನೆ ಹಾಗೆಯೇ ಉಳಿಯಿತು.

1768ರ ಸೆಪ್ಟೆಂಬರ್ 13ರಂದು ಫ್ರಾನ್ಸಿನ ಲೂಸೆ ಎಂಬಲ್ಲಿ ಹೊಲದಲ್ಲಿ ದುಡಿಯುತ್ತಿದ್ದವರು ಗುಡುಗಿನಂಥ ಸದ್ದು ಕೇಳಿ ತಲೆಯೆತ್ತಿದರು. ಕಲ್ಲೊಂದು ಬಿದ್ದು ಅರ್ಧ ಮಣ್ಣಿನಲ್ಲಿ ಹೂತುಕೊಂಡಿತು. ಪ್ಯಾರಿಸಿನ ವಿಜ್ಞಾನ ಅಕಾಡೆಮಿಯ ಪರವಾಗಿ ಅದನ್ನು ಪರೀಕ್ಷಿಸಿದವರಲ್ಲಿ ಲವಾಸಿಯೆಯೂ ಒಬ್ಬನು. ಇದು ಭೂಮಿಯದೇ ಗಂಧಕ ಬೆರೆತ ಕಲ್ಲು, ಸಿಡಿಲು ಹೊಡೆದು ಹೀಗಾಗಿದೆ ಎಂದು ಅವರ ತೀರ್ಪು. ಆ ಮಹನೀಯರು ದಡ್ಡರಲ್ಲ. ಸಿಡಿಲಿನೊಡನೆ ಕಲ್ಲು ಬೀಳುತ್ತದೆಂಬ ಮೂಢನಂಬಿಕೆಯನ್ನು ಕಳೆಯಹೊರಟವರು, ಅದರೊಡನೆ ಕಣ್ಣಾರೆ ಕಂಡವರ ಮಾತನ್ನೂ ಕಳೆದುಬಿಟ್ಟರು.

1794ರಲ್ಲಿ ಜರ್ಮನಿಯ ಕ್ಲಾಡ್ನಿ ಎಂಬಾತ ಇದಕ್ಕೆ ಎದುರುನುಡಿದನು. ಈತ ನ್ಯಾಯಶಾಸ್ತ್ರವನ್ನು ಓದಿದವನು. ಸಾಕ್ಷಿಗಳನ್ನು ತೂಗಿ ನೋಡಬಲ್ಲವನು. ದೂರದೂರದ ಊರುಗಳವರು, ಬೇರೆಬೇರೆ ಕಾಲದವರು ಒಂದೇ ಬಗೆಯಾಗಿ ಹೇಳುತ್ತಿರುವಾಗ ಎಲ್ಲರೂ ಸುಳ್ಳಾಡುವುದುಂಟೆ ಎಂಬುದು ಅವನ ವಾದ. ಕಲ್ಲುಗಳು ಭೂಮಿಯಾಚೆಯಿಂದ ಬರುತ್ತವೆ ಎಂದನು. ಹೆಚ್ಚಿನವರು ಒಪ್ಪಲಿಲ್ಲ.

ಅನಂತರದ ಸಾಕ್ಷಿ ನಮ್ಮ ಕಾಶಿಯಿಂದ ಹೋಯಿತೆಂಬುದು ನಮಗೆ ಸಂತೋಷದ ಸಂಗತಿ. 1798ರ ಡಿಸೆಂಬರಿನಲ್ಲಿ ಕಾಶಿಯ ಸಮೀಪ ಬೆಂಕಿಯ ಉಂಡೆಯೊಂದು ಕಾಣಿಸಿಕೊಂಡು ಕಲ್ಲುಗಳು ಬಿದ್ದವು. ಅವನ್ನೂ ಇಂಗ್ಲೆಂಡ್, ಇಟಲಿ, ಬೊಹೀಮಿಯಗಳಲ್ಲಿ ಬಿದ್ದವನ್ನೂ ಲಂಡನ್ನಿನ ರಸಾಯನಶಾಸ್ತ್ರಜ್ಞ ಹೊವಾರ್ಡ್ 1802ರಲ್ಲಿ ಜೊತೆಗಿಟ್ಟು ಪರೀಕ್ಷಿಸಿದನು. ಸಾವಿರಾರು ಮೈಲಿ ಅಂತರದ ಕಲ್ಲುಗಳು ಒಂದನ್ನೊಂದು ಹೋಲುತ್ತಿದ್ದವು. ಅವುಗಳ ಕಬ್ಬಿಣದಲ್ಲಿ ನಿಕಲ್ ಇತ್ತು.

ಮರುವರ್ಷ, 1803ರ ಏಪ್ರಿಲ್ 26ರ ಮಧ್ಯಾಹ್ನ, ಫ್ರಾನ್ಸಿನ ಲೆಗ್ಲ್ ಪಟ್ಟಣದ ಬಳಿ ಸುಮಾರು ಮೂರು ಸಾವಿರ ಕಲ್ಲುಗಳು ಸುರಿದವು. ಸರ್ಕಾರವು ಇಪ್ಪತ್ತೊಂಬತ್ತು ವರ್ಷದ ಬಿಯೊ ಎಂಬ ಭೌತವಿಜ್ಞಾನಿಯನ್ನು ಕಳುಹಿಸಿತು. ಅವನು ಹಳ್ಳಿಹಳ್ಳಿ ಸುತ್ತಿ, ಎಲ್ಲ ತರದ ಜನರನ್ನೂ ವಿಚಾರಿಸಿ, ಕಲ್ಲು ಬಿದ್ದ ಎಡೆಗಳನ್ನು ಗುರುತಿಸಿದನು. ಅವೆಲ್ಲ ಒಂದು ಅಂಡಾಕಾರದ ಪ್ರದೇಶದೊಳಗೆ ಅಡಗಿದ್ದವು. ಆ ಸೀಮೆಯಲ್ಲಿ ಹಿಂದೆ ಅಂಥ ಕಲ್ಲು ಇರಲೂ ಇಲ್ಲ. ಅವನ ವರದಿಯಾದ ಮೇಲೆ ಅಕಾಡೆಮಿಯ ಸಂದೇಹವೂ ಅಡಗಿತು. ಮುಂದೆ 1865ರಲ್ಲಿ ನಮ್ಮ ಮದ್ದೂರಿನಲ್ಲಿ ಉಲ್ಕಾಶಿಲೆ ಬಿದ್ದಾಗ ಅದು ನಂಬಲಾಗದ ಸುದ್ದಿಯಾಗಿರಲಿಲ್ಲ. ಇವುಗಳಲ್ಲಿ ಬಹುಪಾಲು ಮಂಗಳ ಮತ್ತು ಗುರುಗ್ರಹಗಳ ನಡುವೆ ಸುತ್ತುವ ಕ್ಷುದ್ರಗ್ರಹಗಳ ಚೂರುಗಳೆಂದು ಈಗ ತಿಳಿದಿದೆ.

ಬಿರುಮಳೆಯ ವೇಳೆ ಉರಿಯುವ ಚೆಂಡಿನಂತೆ ತೇಲುವ ಮಿಂಚನ್ನು ಕಂಡೆವೆಂದು ಹೇಳುವವರು ಇಂದಿಗೂ ಇದ್ದಾರೆ. ಅದರ ಕಾರಣದ ವಿಷಯದಲ್ಲಿ ವಿಜ್ಞಾನಿಗಳಿಗೆ ಇನ್ನೂ ಒಮ್ಮತವಿಲ್ಲ. ಅಂಥವರ ಮಾತನ್ನು ಕೇಳಿದೊಡನೆ ನಂಬಬೇಕಾಗಿಲ್ಲ, ತಳ್ಳಿಹಾಕಲೂಬೇಕಾಗಿಲ್ಲ. ಬಿಯೊವಿನಂತೆ ಹೋಗಿ ವಿಚಾರಿಸಬೇಕು.